ಆ ಗಾರ್ಡ್ ಗೊಣಗ್ತಿರೋದು ನಿಮಗೋಸ್ಕರಾನೇ

ಕೈಯಲ್ಲಿ ಗನ್ ಇದೆ, ಗುಂಡು ಬೇಕಾದಷ್ಟಿದೆ, ಎದುರಿಗೆ ಇರೋನು ಒಬ್ಬನೇ ಗಾರ್ಡು, ಆದ್ರೂ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಅವನು ಆ ಕಡೆ ತಿರುಗೋವರೆಗೂ ಕಾಯೋದ್ರಲ್ಲಿ ಏನ್ ಮಜಾ ಸಿಗತ್ತಪ್ಪ ನಿಮಗೆ ಅಂತ ಪುಣೆಯ ನಮ್ಮ ಕನ್ನಡದವರ ಗುಂಪಲ್ಲಿ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ. ಕೇಳೋರು ಸಾಮಾನ್ಯವಾಗಿ ಅಪ್ಪ ಅಮ್ಮಂದಿರು, ಮಗ ಟೀವಿ ಮುಂದೆ ಕಂಟ್ರೋಲರ್ ಹಿಡ್ಕೊಂಡು ಅಲ್ಲಾಡದೆ ಕೂತಿರೋದು ನೋಡಿ ಗೇಮ್ ಹ್ಯಾಂಗ್ ಆಗಿದೆ ಅಂದ್ಕೊಂಡಿರ್ತಾರೆ ಪಾಪ. ನಾನು ಇಲ್ಲೇ ಒಂದು ಸ್ಟುಡಿಯೋದಲ್ಲಿ ಲೆವೆಲ್ ಡಿಸೈನರ್. ಅಂದ್ರೆ ಗಾರ್ಡ್ ಎಲ್ಲಿಂದ ಎಲ್ಲಿಗೆ ಓಡಾಡ್ಬೇಕು, ಎಲ್ಲಿ ನಿಂತು ಸಿಗರೇಟ್ ಹಚ್ಚಬೇಕು, ಯಾವ ಬಲ್ಬು ಉರೀಬೇಕು, ಯಾವ ಬಾಗಿಲಿಗೆ ಬೀಗ ಇರ್ಬೇಕು ಅನ್ನೋದನ್ನೆಲ್ಲ ಕೂತು ಹೊಂದಿಸೋದು ನನ್ನ ಕೆಲಸ. ಹಾಗಾಗಿ ಆ ಕಾಯೋದ್ರಲ್ಲಿ ಏನಿದೆ ಅಂತ ಮಾಡೋರ ಕಡೆಯಿಂದ ಸ್ವಲ್ಪ ಹೇಳ್ತೀನಿ.

ನನ್ನ ವಯಸ್ಸಿನ ತುಂಬಾ ಜನಕ್ಕೆ ಸ್ಟೆಲ್ತ್, ಅಂದ್ರೆ ಶತ್ರು ಕಣ್ಣಿಗೆ ಬೀಳದೆ ಅಡಗಿ ಆಡೋ ಈ ಬಗೆಯ ಆಟ, ಪರಿಚಯ ಆಗಿದ್ದು ಸೈಬರ್ ಕೆಫೇಲಿ, ಪ್ರಾಜೆಕ್ಟ್ ಐಜಿಐ ಆಡ್ತಾ. 2000ದ ಕೊನೇಲಿ ಬಂದಿದ್ದು, ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್‌ನೋರು ಮಾಡಿದ ಗೇಮು. ಡೊಂಬಿವಲಿ ಆಗ್ಲಿ ಹುಬ್ಬಳ್ಳಿ ಆಗ್ಲಿ, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡಿದೋರಿಗೆ ನೆನಪಿರತ್ತೆ, ಅದ್ರಲ್ಲಿ ಮಿಷನ್ ಮಧ್ಯೆ ಸೇವ್ ಅನ್ನೋದೇ ಇರ್ಲಿಲ್ಲ, ಕ್ಯಾಮೆರಾ ಕಣ್ಣಿಗೆ ಬಿದ್ರೆ ಅಲಾರಂ, ಅಲಾರಂ ಹೊಡ್ಕೊಳ್ತು ಅಂದ್ರೆ ಬ್ಯಾರಕ್ಕಿಂದ ಸೈನಿಕರು ಬರ್ತಾನೇ ಇರ್ತಾರೆ, ಸತ್ರೆ ಮೊದಲಿಂದ ಶುರು. ಅದಕ್ಕೇ ಎಲ್ರೂ ಗುಡ್ಡದ ಮೇಲೆ ಮಲಗಿ ಬೈನಾಕ್ಯುಲರಲ್ಲಿ ಕ್ಯಾಂಪ್ ಪೂರ್ತಿ ನೋಡ್ಕೊಂಡು, ಯಾವ ಟವರಲ್ಲಿ ಯಾರಿದಾನೆ ಅಂತ ಲೆಕ್ಕ ಹಾಕ್ಕೊಂಡು ಆಮೇಲೆ ಕೆಳಗಿಳೀತಿದ್ರು. ಶೂಟಿಂಗ್ ಗೇಮ್ ಅಂತ ಕೂತೋರಿಗೆ ತಾಳ್ಮೆ ಕಲಿಸಿದ್ದು ಅದು.

ಈ ಬಗೆಯ ಆಟ ಹುಟ್ಟಿದ್ದೇ ಒಂದು ಕೊರತೆಯಿಂದ. 1987ರಲ್ಲಿ ಕೊನಾಮಿ ಕಂಪನಿಯ ಹಿಡೆಯೊ ಕೊಜಿಮಾ ಎಂಎಸ್‌ಎಕ್ಸ್2 ಅನ್ನೋ ಕಂಪ್ಯೂಟರಿಗೆ ಯುದ್ಧದ ಗೇಮ್ ಮಾಡ್ಬೇಕಿತ್ತು, ಆದ್ರೆ ಆ ಮಷೀನಿಗೆ ಒಂದೇ ಸ್ಕ್ರೀನಲ್ಲಿ ಜಾಸ್ತಿ ಶತ್ರುಗಳು, ಜಾಸ್ತಿ ಗುಂಡುಗಳನ್ನ ತೋರಿಸೋ ತಾಕತ್ತಿರ್ಲಿಲ್ಲ. ಸರಿ, ಹೊಡೆದಾಟ ಆಗಲ್ಲ ಅಂದ್ರೆ ಕಣ್ಣು ತಪ್ಪಿಸ್ಕೊಂಡು ಹೋಗೋದನ್ನೇ ಆಟ ಮಾಡೋಣ ಅಂತ ಮೆಟಲ್ ಗೇರ್ ಮಾಡಿದ್ರು. ಆಮೇಲೆ 1998ರಲ್ಲಿ ಒಂದೇ ವರ್ಷ ತೆಂಚು, ಮೆಟಲ್ ಗೇರ್ ಸಾಲಿಡ್, ಥೀಫ್ ಮೂರೂ ಬಂದ್ವು. ಥೀಫ್ ಮಾಡಿದ ಲುಕಿಂಗ್ ಗ್ಲಾಸ್‌ನೋರು ನೆಲಕ್ಕೇ ಸದ್ದು ಕೊಟ್ರು, ಕಾರ್ಪೆಟ್ ಮೇಲೆ ಹೋದ್ರೆ ಯಾರಿಗೂ ಕೇಳಲ್ಲ, ಲೋಹದ ಮೇಲೆ ಕಾಲಿಟ್ರೆ ಊರಿಗೆಲ್ಲ ಕೇಳತ್ತೆ. ಮೆಟಲ್ ಗೇರ್ ಸಾಲಿಡ್ ಇನ್ನೊಂದು ದಾರಿ ಹಿಡೀತು, ಆಟದ ಅದೇ ತ್ರೀಡಿ ಬೊಂಬೆಗಳನ್ನಿಟ್ಕೊಂಡು ಸಿನಿಮಾ ಥರ ಕ್ಯಾಮೆರಾ ಆಂಗಲ್, ಪೂರ್ತಿ ವಾಯ್ಸ್ ಆ್ಯಕ್ಟಿಂಗ್, ಗಂಟೆಗಟ್ಟಲೆ ಕಥೆ. ಅಡಗೋ ಆಟಕ್ಕೂ ಸಿನಿಮಾ ಥರದ ಕಥೆಗೂ ಗಂಟು ಬಿದ್ದಿದ್ದು ಹೆಚ್ಚುಕಮ್ಮಿ ಅಲ್ಲೇ, ಇವತ್ತಿಗೂ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನೋದೇ ನಾನು ಹೇಳ್ಬೇಕಿರೋ ವಿಷಯ.

ಮೊದಲು ಗಾರ್ಡ್ ಕಣ್ಣು ನೋಡೋಣ. ಅವನ ತಲೆಯಿಂದ ಮುಂದಕ್ಕೆ ಒಂದು ವಿಷನ್ ಕೋನ್, ಅಂದ್ರೆ ಅವನ ಕಣ್ಣಿಗೆ ಬೀಳೋ ಜಾಗದ ಶಂಕು, ಇರತ್ತೆ, ಗೇಮ್ ಕಟ್ಟೋ ಸಾಫ್ಟ್‌ವೇರಲ್ಲಿ (ಎಂಜಿನ್) ತಪ್ಪು ಹುಡುಕೋ ಡೀಬಗ್ ಮೋಡ್ ಆನ್ ಮಾಡಿದ್ರೆ ಕಣ್ಣಿಗೇ ಕಾಣತ್ತೆ. ಆಡೋನು ಅದ್ರೊಳಗೆ ಬಂದ ಅಂದ್ರೆ ಗಾರ್ಡ್ ತಲೆಯಿಂದ ಆಡೋನ ತಲೆ, ಎದೆ, ಕಾಲಿಗೆ ಗೆರೆ ಎಳೆದು ನೋಡ್ತೀವಿ, ಮಧ್ಯೆ ಗೋಡೆ ಪೆಟ್ಟಿಗೆ ಏನಾದ್ರೂ ಅಡ್ಡ ಇದ್ಯಾ ಅಂತ. ಅಡ್ಡ ಇಲ್ಲಾಂದ್ರೂ ತಕ್ಷಣ ಸಿಕ್ಕಿಬೀಳಲ್ಲ, ಒಂದು ಮೀಟರ್ ತುಂಬೋಕೆ ಶುರುವಾಗತ್ತೆ, ಹತ್ರ ಇದ್ರೆ ಬೇಗ, ದೂರ ಇದ್ರೆ ನಿಧಾನ, ಬಗ್ಗಿ ಕೂತಿದ್ರೆ ಇನ್ನೂ ನಿಧಾನ, ಕತ್ತಲಲ್ಲಿದ್ರೆ ಮತ್ತೂ ನಿಧಾನ. ಅರ್ಧ ತುಂಬಿದ್ರೆ ಅವನಿಗೆ ಡೌಟು, ಪೂರ್ತಿ ತುಂಬಿದ್ರೆ ನಿಮ್ಮ ಕಥೆ ಮುಗೀತು. ಈ ಅಂಕಿಗಳನ್ನ ಹೊಂದಿಸೋದ್ರಲ್ಲೇ ನಮ್ಮ ವಾರಗಟ್ಟಲೆ ಕೆಲಸ ಹೋಗತ್ತೆ. ನಿಜವಾದ ಕಾವಲುಗಾರನಷ್ಟು ಚುರುಕಾಗಿ ಇವನನ್ನ ಮಾಡಿದ್ರೆ ಒಂದು ಕಾರಿಡಾರ್ ದಾಟೋಕೂ ಯಾರ ಕೈಲೂ ಆಗಲ್ಲ (ನಮ್ಮ ಸೊಸೈಟಿ ವಾಚ್‌ಮನ್ ವಿಷಯ ಬೇರೆ ಬಿಡಿ), ಅದಕ್ಕೇ ಅವನನ್ನ ಬೇಕಂತಲೇ ಸ್ವಲ್ಪ ಮಂಕಾಗಿ, ಆದ್ರೆ ಮಂಕು ಅಂತ ಅನ್ನಿಸದ ಹಾಗೆ ಇಟ್ಟಿರ್ತೀವಿ.

ಈಗ ಅವನ ಬಾಯಿ. ನೀವು ಕಲ್ಲು ಎಸೀತೀರಿ, ಅವನು ನಿಂತು "ಏನದು ಸದ್ದು?" ಅಂತಾನೆ, ಬಂದು ಅತ್ತಿತ್ತ ನೋಡಿ "ಥೂ, ಇಲಿ ಇರ್ಬೇಕು" ಅಂತ ಹೇಳ್ಕೊಂಡು ವಾಪಸ್ ಹೋಗ್ತಾನೆ. ಒಬ್ಬನೇ ಇರೋ ಮನುಷ್ಯ ಯಾರಾದ್ರೂ ಹೀಗೆ ಜೋರಾಗಿ ಹೇಳ್ಕೊಳ್ತಾನಾ? ಕಂಪನಿ ನಾಟಕದಲ್ಲಿ ಖಳನಾಯಕ ಮುಂದಕ್ಕೆ ಬಂದು ತನ್ನ ಸಂಚನ್ನೆಲ್ಲ ಸಭಿಕರಿಗೆ ಕೇಳೋ ಹಾಗೆ ಸ್ವಗತ ಹೇಳಿ ಹೋಗ್ತಿದ್ನಲ್ಲ, ಇದೂ ಅದೇ. ಇಂಥ ಸಾಲುಗಳಿಗೆ ನಾವು ಬಾರ್ಕ್ ಅಂತೀವಿ. ಅವನ ತಲೆಯೊಳಗೆ ಕೋಡ್ ಈಗ ಯಾವ ಸ್ಥಿತೀಲಿದೆ, ನಿಶ್ಚಿಂತೆನಾ, ಅನುಮಾನನಾ, ಹುಡುಕಾಟನಾ ಅನ್ನೋದನ್ನ ಆಡೋನಿಗೆ ಮುಟ್ಟಿಸ್ಬೇಕು, ಅದಕ್ಕೆ ಸ್ಕ್ರೀನ್ ತುಂಬ ಐಕಾನ್ ಹಾಕೋ ಬದಲು ಅವನ ಬಾಯಲ್ಲೇ ಹೇಳಿಸ್ತೀವಿ. ಮೆಟಲ್ ಗೇರ್‌ನಲ್ಲಿ ತಲೆ ಮೇಲೆ ಏಳೋ ಆ ಆಶ್ಚರ್ಯಸೂಚಕ ಚಿಹ್ನೆ ಮಾಡೋದೂ ಇದೇ ಕೆಲಸ, ಆದ್ರೆ ಮಾತಿಗಾದ್ರೆ ಒಂದು ಉಪಕಾರ ಜಾಸ್ತಿ, ಅದ್ರ ಜೊತೆ ಪಾತ್ರಾನೂ ಬರತ್ತೆ. "ಇಲಿ ಇರ್ಬೇಕು" ಅನ್ನೋನೂ "ಬೆಳಗ್ಗೆಯಿಂದ ನಿಂತು ಕಾಲು ಬಿದ್ದೋಯ್ತು, ಇಲಿ ಇರ್ಬೇಕು ಬಿಡು" ಅನ್ನೋನೂ ಒಂದೇ ಮಾಹಿತಿ ಕೊಡೋದು, ಆದ್ರೆ ಎರಡನೆಯವನ ಕತ್ತು ಹಿಡಿಯೋಕೆ ಹೋದಾಗ ನಿಮಗೆ ಒಂಚೂರು ಪಿಚ್ಚೆನ್ನತ್ತೆ.

ಅಡಗಿ ಕೂತೋನು ಇಷ್ಟ ಇರ್ಲಿ ಬಿಡ್ಲಿ ಪ್ರೇಕ್ಷಕ ಆಗಲೇಬೇಕು, ಸಿನಿಮಾ ಇಲ್ಲಿ ಒಳಗೆ ಬರೋದು ಇದೇ ಕಿಂಡಿಯಿಂದ. ಬರೀ ಗುಂಡು ಹಾರಿಸೋ ಗೇಮಲ್ಲಿ ಕಥೆ ಹೇಳ್ಬೇಕಂದ್ರೆ ಆಟ ನಿಲ್ಲಿಸ್ಬೇಕು, ಕಟ್‌ಸೀನ್ ಹಾಕ್ಬೇಕು, ಅಂದ್ರೆ ಮಧ್ಯೆ ಸಿನಿಮಾ ತುಣುಕು ಓಡಿಸ್ಬೇಕು, ಆಗ ಆಡೋನು ಸ್ಕಿಪ್ ಬಟನ್ ಹುಡುಕ್ತಾನೆ. ಸ್ಟೆಲ್ತಲ್ಲಿ ಹಾಗಿಲ್ಲ. ಇಬ್ರು ಗಾರ್ಡ್‌ಗಳು ಸಂಬಳದ ಬಗ್ಗೆ, ಸಾಹೇಬನ ಹೊಸ ಹೆಂಡ್ತಿ ಬಗ್ಗೆ ಮಾತಾಡ್ತಿದ್ರೆ ನೀವು ಕಪಾಟಿನ ಹಿಂದೆ ಕೂತು ಒಂದೊಂದು ಮಾತೂ ಕೇಳ್ತೀರಿ, ಯಾಕಂದ್ರೆ ಮಾತು ಮುಗಿದ ಕೂಡ್ಲೇ ಅವ್ರು ಬೇರೆಬೇರೆ ದಿಕ್ಕಿಗೆ ಹೊರಡ್ತಾರೆ, ಅದು ನಿಮಗೆ ಬೇಕು. ಕಿವಿ, ಕಣ್ಣು, ನೆರಳು, ಬೆಳಕು, ಸಿನಿಮಾದೋರು ಭಾವನೆಗೆ ಅಂತ ಬಳಸೋದೆಲ್ಲ ಇಲ್ಲಿ ಬದುಕುಳಿಯೋಕೆ ಬೇಕಾದ ಸುದ್ದಿ ಆಗಿಬಿಡತ್ತೆ.

ನಾಟಿ ಡಾಗ್ ಸ್ಟುಡಿಯೋನೋರು 2020ರ ದ ಲಾಸ್ಟ್ ಆಫ್ ಅಸ್ ಎರಡನೇ ಭಾಗದಲ್ಲಿ ಇದನ್ನೇ ಕ್ರೂರವಾಗಿ ಬಳಸ್ಕೊಂಡಿದಾರೆ. ಅಲ್ಲಿ ಶತ್ರುಗಳಿಗೆ ಹೆಸರಿದೆ, ನೀವು ಒಬ್ಬನನ್ನ ಮುಗಿಸಿದ್ರೆ ಜೊತೆಗಾರ ಬಂದು ಹೆಣ ನೋಡಿ ಆ ಹೆಸರು ಕೂಗ್ತಾನೆ, ನಾಯಿ ಸತ್ರೆ ನಾಯಿ ಹೆಸರೂ ಕೂಗ್ತಾರೆ. ಆಟದ ಲೆಕ್ಕದಲ್ಲಿ ಅದು ಬರೀ ಒಂದು ಬಾರ್ಕ್, ಹೆಣ ಸಿಕ್ಕಿದೆ ಇನ್ನು ಹುಡುಕ್ತಾರೆ ಅಂತ ಅರ್ಥ. ಆದ್ರೆ ಹುಲ್ಲಲ್ಲಿ ಮಲಗಿ ಅದನ್ನ ಕೇಳಿಸ್ಕೊಳ್ಳೋನ ಮುಖ ನೋಡ್ಬೇಕು ನೀವು. ಕೊಜಿಮಾ ಇನ್ನೊಂದು ಥರ ಮಾಡಿದ್ರು, 2004ರ ಮೆಟಲ್ ಗೇರ್ ಸಾಲಿಡ್ 3ರ ಕೊನೇಲಿ, ಬಿಳಿ ಹೂಗಳ ಬಯಲಲ್ಲಿ ನಾಯಕನ ಗುರು ಬಿದ್ದಿರ್ತಾಳೆ, ಕ್ಯಾಮೆರಾ ಸಿನಿಮಾ ಥರಾನೇ ನಿಂತಿರತ್ತೆ, ಕಟ್‌ಸೀನೇ ನಡೀತಿದೆ ಅಂತ ನೀವು ಸುಮ್ನೆ ನೋಡ್ತಿರ್ತೀರಿ, ಏನೂ ಆಗಲ್ಲ. ಟ್ರಿಗರ್ ಎಳೀಬೇಕಾದವರು ನೀವು ಅಂತ ಆಗ ಹೊಳೆಯತ್ತೆ. ನೋಡೋದಕ್ಕೂ ಮಾಡೋದಕ್ಕೂ ಮಧ್ಯೆ ಇರೋ ಗೆರೇನ ಅಷ್ಟು ಚೆನ್ನಾಗಿ ಅಳಿಸಿದ್ದು ನಾನು ಬೇರೆಲ್ಲೂ ಕಂಡಿಲ್ಲ.

ಮುಂಬೈನೋರಿಗೆ ಹತ್ತಿರದ ಉದಾಹರಣೆ ಅಂದ್ರೆ ಡೆನ್ಮಾರ್ಕಿನ ಐಒ ಇಂಟರಾಕ್ಟಿವ್ 2018ರಲ್ಲಿ ಬಿಟ್ಟ ಹಿಟ್‌ಮ್ಯಾನ್ 2, ಅದ್ರಲ್ಲಿ ಮುಂಬೈದೇ ಒಂದು ಇಡೀ ಲೆವೆಲ್ ಇದೆ. ಚಾಳುಗಳು, ಬಟ್ಟೆ ಒಗೆಯೋ ಜಾಗ, ರೈಲ್ವೆ ಯಾರ್ಡು, ಬಾಲಿವುಡ್ ನಿರ್ಮಾಪಕನ ಅರೆಬರೆ ಟವರು. ಮೂರು ಟಾರ್ಗೆಟ್, ಅದ್ರಲ್ಲಿ ಒಬ್ಬನ ಮುಖ ಯಾರಿಗೂ ಗೊತ್ತಿಲ್ಲ, ಜನರ ಮಧ್ಯೆ ಓಡಾಡ್ತಾ ಮಾತು ಕೇಳಿಸ್ಕೊಂಡೇ ಅವನು ಯಾರು ಅಂತ ಪತ್ತೆ ಮಾಡ್ಬೇಕು. ಊರಲ್ಲಿ ಇನ್ನೊಬ್ಬ ಬಾಡಿಗೆ ಹಂತಕನೂ ಸ್ನೈಪರ್ ಹಿಡ್ಕೊಂಡು ಕಾಯ್ತಿದಾನೆ, ಟಾರ್ಗೆಟ್ ಅವನ ಕಣ್ಣಿಗೆ ಕಾಣೋ ಹಾಗೆ ನೀವು ಸಂದರ್ಭ ಹೊಂದಿಸಿಕೊಟ್ರೆ ಅವನೇ ಗುಂಡು ಹೊಡೀತಾನೆ, ನಿಮ್ಮ ಕೈಗೆ ಮಸಿ ಅಂಟಲ್ಲ. ಅಲ್ಲಿ ಕತ್ತಲಲ್ಲಿ ಅಡಗೋದು ಕಮ್ಮಿ, ಗರ್ದೀಲಿ ಕಳೆದುಹೋಗೋದು ಜಾಸ್ತಿ, ವೇಷ ಬದಲಿಸ್ಕೊಂಡು ಹಜಾಮನಾಗಿ ನಿಂತ್ರೆ ಟಾರ್ಗೆಟ್ಟೇ ಬಂದು ಕತ್ತು ಕೊಟ್ಟು ಕೂರ್ತಾನೆ. ದಾದರ್ ಸ್ಟೇಷನ್ನಲ್ಲಿ ಸಾಯಂಕಾಲ ಓಡಾಡಿದ ಯಾರಿಗಾದ್ರೂ ಈ ಲಾಜಿಕ್ ವಿವರಿಸ್ಬೇಕಾಗಿಲ್ಲ. ಜನ ಹೆಚ್ಚಾಗಿ ಇಂಗ್ಲಿಷೇ ಮಾತಾಡ್ತಾರೆ ಅನ್ನೋದು ನನ್ನ ತಕರಾರು, ಅಷ್ಟು ಚೆನ್ನಾಗಿ ಓಣಿ ಕಟ್ಟಿದೋರು ಹಿನ್ನೆಲೇಲಾದ್ರೂ ನಾಕು ಮರಾಠಿ ಬೈಗುಳ ಹಾಕ್ಬೇಕಿತ್ತು.

ನಮ್ಮ ಟೀಮಲ್ಲಿ ಒಂದು ಪ್ರೊಟೊಟೈಪಿಗೆ ಹಳೇ ಪುಣೇರಿ ವಾಡಾ ಕಟ್ಟಿದ್ವಿ, ಗ್ರೇಬಾಕ್ಸ್, ಅಂದ್ರೆ ಬಣ್ಣ ಗಿಣ್ಣ ಏನೂ ಇಲ್ಲದ ಬೂದು ಪೆಟ್ಟಿಗೆಗಳ ಮನೆ. ವಾಡಾ ಅನ್ನೋದು ಸ್ಟೆಲ್ತ್‌ಗೆ ಹೇಳಿ ಮಾಡಿಸಿದ ಹಾಗಿರತ್ತೆ, ನಡುವೆ ತೆರೆದ ಚೌಕ, ಸುತ್ತ ಕಂಬದ ಪಡಸಾಲೆ, ಗೋಡೆಯೊಳಗೇ ಹತ್ತೋ ಇಕ್ಕಟ್ಟು ಮೆಟ್ಟಿಲು, ಮೇಲಿನ ಗ್ಯಾಲರಿಯಿಂದ ಕೆಳಗಿರೋರೆಲ್ಲ ಕಾಣ್ತಾರೆ ಆದ್ರೆ ಕೆಳಗಿರೋನಿಗೂ ತಲೆ ಎತ್ತಿದ್ರೆ ನೀವು ಕಾಣ್ತೀರಿ. ಕೆಳಗೆ ಕಲ್ಲಿನ ನೆಲ, ಮೇಲೆ ಮರದ ಹಲಗೆ, ಹಲಗೆ ಕಿರ್ರ್ ಅನ್ನತ್ತೆ. ಪ್ಲೇಟೆಸ್ಟ್‌ಗೆ, ಅಂದ್ರೆ ಗೇಮ್ ಆಡಿ ನೋಡೋಕೆ, ಬಂದ ಹುಡುಗಿಯೊಬ್ಳು ಆ ಹಲಗೆ ಮೇಲೆ ಹೋಗುವಾಗ ಕಂಟ್ರೋಲರಿನ ಸ್ಟಿಕ್ಕನ್ನ ಹೆಬ್ಬೆರಳ ತುದೀಲಿ ಕೂದಲೆಳೆಯಷ್ಟೇ ತಳ್ತಾ, ಗೋಡೆ ಆಚೆ ಬಗ್ಗಿ ನೋಡೋಕೆ ಅಂತ ತನ್ನ ಸ್ವಂತ ತಲೇನೇ ಎಡಕ್ಕೆ ವಾಲಿಸಿದ್ಳು, ಟೀವಿಯ ಬದಿಯಿಂದ ಇಣುಕಿದ್ರೆ ಗಾರ್ಡ್ ಕಾಣ್ತಾನೇನೋ ಅನ್ನೋ ಹಾಗೆ. ಹಿಂದೆ ನೋಟ್ ಮಾಡ್ಕೊಳ್ತಾ ನಿಂತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಟೆಕ್ಸ್ಚರ್ ಇಲ್ಲ, ಸಂಗೀತ ಇಲ್ಲ, ಗಾರ್ಡ್‌ಗೆ ಮುಖಾನೂ ಇಲ್ಲ, ಕಿರ್ರ್ ಅನ್ನೋ ಸದ್ದು ಮತ್ತೆ ಒಂದು ಜೋಡಿ ಹೆಜ್ಜೆ ಸದ್ದು ಅಷ್ಟೇ ಇದ್ದಿದ್ದು. ಈ ನಮೂನೆ ಆಟದಲ್ಲಿ ಸೌಂಡ್‌ನೋರಿಗೆ ಗ್ರಾಫಿಕ್ಸ್‌ನೋರಿಗಿಂತ ಮೊದಲು ಸಂಬಳ ಕೊಡ್ಬೇಕು ಅಂತ ನಾನು ಮೀಟಿಂಗಲ್ಲಿ ಹೇಳ್ತಾನೇ ಇರ್ತೀನಿ, ಯಾರೂ ಕೇಳಲ್ಲ.

ಎಲ್ಲಾ ಚೆನ್ನಾಗೇ ಇದೆ ಅಂತ ಏನಲ್ಲ. ಸಿನಿಮಾ ಹುಚ್ಚು ಜಾಸ್ತಿ ಆದಾಗ ಡಿಸೈನರುಗಳು ಆಡೋನನ್ನ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತಾರೆ. ಅಸ್ಯಾಸಿನ್ಸ್ ಕ್ರೀಡ್ ಬ್ಲ್ಯಾಕ್ ಫ್ಲ್ಯಾಗ್ (2013) ಒಳ್ಳೇ ಗೇಮೇ, ಆದ್ರೆ ಇಬ್ಬರ ಹಿಂದೆ ಕದ್ದು ನಡ್ಕೊಂಡು ಅವರ ಮಾತು ಕೇಳೋ ಮಿಷನ್ನುಗಳು ಒಂದಾದ ಮೇಲೊಂದು, ಸ್ವಲ್ಪ ದೂರ ಆದ್ರೂ ಫೇಲ್, ಹತ್ರ ಆದ್ರೂ ಫೇಲ್, ಮತ್ತೆ ಅದೇ ಸಂಭಾಷಣೆ ಮೊದಲಿಂದ. ಕದ್ದು ಕೇಳಿದ ಮಾತಿನ ರುಚಿ ಇರೋದು ಕೇಳಿದ್ದು ನನ್ನ ಜಾಣತನದಿಂದ ಅನ್ನೋದ್ರಲ್ಲಿ, ಕೇಳಲೇಬೇಕು ಅಂತ ಕಿವಿ ಹಿಂಡಿದ್ರೆ ಅದು ಪಾಠ ಆಗತ್ತೆ. ಇನ್ನೊಂದು ಇದಕ್ಕಿಂತ ಸಿಟ್ಟು ಬರಿಸೋದು, ಇಡೀ ಕೋಟೇನ ಒಬ್ಬರ ಕಣ್ಣಿಗೂ ಬೀಳದೆ ದಾಟಿ ಕೊನೆ ಬಾಗಿಲು ತೆಗೆದ್ರೆ ಕಟ್‌ಸೀನ್ ಶುರುವಾಗಿ ನಾಯಕ ಪೆದ್ದನ ಥರ ಹಾಲಿನ ಮಧ್ಯಕ್ಕೆ ನಡ್ಕೊಂಡು ಹೋಗಿ ಹಿಂದಿನಿಂದ ಏಟು ತಿಂದು ಬೀಳ್ತಾನೆ. ಅಲ್ಲಯ್ಯಾ, ಇಷ್ಟೊತ್ತು ಪ್ರತಿ ಮೂಲೆ ಇಣುಕಿ ನೋಡಿದ್ದು ನಾನಾ ಇನ್ಯಾರಾ? ಇದು ಬರಹಗಾರರೂ ಲೆವೆಲ್ ಮಾಡೋರೂ ಬೇರೆಬೇರೆ ರೂಮಲ್ಲಿ ಕೂತು ಕೆಲಸ ಮಾಡಿದ್ರೆ ಆಗೋ ಎಡವಟ್ಟು, ಹೊರಗಿಂದ ನೋಡಿದ್ರೇ ಗೊತ್ತಾಗತ್ತೆ.

ಸಿಕ್ಕಿಬಿದ್ರೆ ಅಲ್ಲಿಗೇ ಆಟ ಮುಗೀತು ಅನ್ನೋದನ್ನೂ ನಾನು ಒಪ್ಪಲ್ಲ. 2001ರ ಮೆಟಲ್ ಗೇರ್ ಸಾಲಿಡ್ 2ರಲ್ಲಿ ಅಲರ್ಟ್ (ಸಿಕ್ಕಿಬಿದ್ರಿ) ಆದ್ಮೇಲೆ ಇವೇಶನ್ (ಹುಡುಕಾಟ), ಅದಾದ್ಮೇಲೆ ಕಾಶನ್ (ಎಚ್ಚರಿಕೆ) ಅಂತ ಮೆಟ್ಟಿಲು ಮೆಟ್ಟಿಲಾಗಿ ಬಿಸಿ ಇಳಿಯತ್ತೆ, ಒಂದು ಲಾಕರಲ್ಲಿ ನುಗ್ಗಿ ಕೂತು ಕೌಂಟರ್ ಸೊನ್ನೆಗೆ ಬರೋದನ್ನ ನೋಡ್ತಿರ್ತೀರಿ, ಲಾಕರ್ ಸೀಳಿಂದ ಬೂಟು ಕಾಣ್ತಿರತ್ತೆ. ಆ ಓಟ, ಆ ಬಚಾವಾಗೋದು, ನೋಡೋಕೆ ಸಿನಿಮಾ ಥರ ಇರೋ ಭಾಗ ಅಂದ್ರೆ ಅದೇ, ಅದನ್ನ ಯಾವ ಬರಹಗಾರನೂ ಬರೆದಿಲ್ಲ. ಆದ್ರೆ ಜನ ಏನ್ಮಾಡ್ತಾರೆ, ಒಬ್ಬ ನೋಡಿದ ಅಂದ್ರೆ ಸಾಕು, ಹಳೇ ಸೇವ್ ಲೋಡ್ ಮಾಡ್ತಾರೆ.

ಮೊಬೈಲಲ್ಲಿ ಇಂಥ ಆಟ ಯಾಕೆ ಅಷ್ಟು ಓಡಲ್ಲ ಅಂತಾನೂ ಕೇಳ್ತಾರೆ. ಗಾಜಿನ ಮೇಲೆ ಹೆಬ್ಬೆರಳು ಜಾರಿಸ್ತಾ ಕೂದಲೆಳೆಯಷ್ಟು ನಿಧಾನ ಬರ್ಸೋದು ಕಷ್ಟ, ಹೆಬ್ಬೆರಳೇ ಅರ್ಧ ಸ್ಕ್ರೀನ್ ಮುಚ್ಚತ್ತೆ, ಮತ್ತೆ ಹಿಂಜವಡಿ ಬಸ್ಸಲ್ಲಿ ಸ್ಪೀಕರ್ ಹಾಕ್ಕೊಂಡು ಆಡೋನಿಗೆ ಹೆಜ್ಜೆ ಸದ್ದು ಎಲ್ಲಿಂದ ಕೇಳ್ಬೇಕು.

ಹೊಸದಾಗಿ ಶುರು ಮಾಡೋರಿಗೆ ನಾನು ಮೊದಲು ಹೇಳೋದು ಕ್ಲೇ ಸ್ಟುಡಿಯೋದ ಮಾರ್ಕ್ ಆಫ್ ದ ನಿಂಜಾ, 2012ರದ್ದು, ಟೂಡಿ ಗೇಮು, ಸದ್ದು ಎಷ್ಟು ದೂರ ಹೋಗತ್ತೆ ಅನ್ನೋದನ್ನ ವೃತ್ತ ಬರೆದೇ ತೋರಿಸತ್ತೆ, ಹಾಗಾಗಿ ನಿಯಮಗಳು ಬೇಗ ಕೈಗೆ ಹತ್ತುತ್ವೆ. ಕಥೆ ಬೇಕು ಅನ್ನೋರಿಗೆ ಎ ಪ್ಲೇಗ್ ಟೇಲ್: ಇನೊಸೆನ್ಸ್ (2019), 1348ರ ಫ್ರಾನ್ಸಲ್ಲಿ ಅಕ್ಕ ತಮ್ಮ ಇಬ್ರು ಸೈನಿಕರಿಂದ ಅಡಗ್ತಾ, ಇಲಿಗಳ ಹಿಂಡಿಂದ ಬೆಂಕಿ ಬೆಳಕು ಹಿಡಿದು ತಪ್ಪಿಸ್ಕೊಳ್ತಾ ಹೋಗೋದು, ಅಲ್ಲಿ ಕತ್ತಲು ಕಾಪಾಡೋದೂ ಇದೆ ತಿನ್ನೋದೂ ಇದೆ. ಅದಾದ್ಮೇಲೆ ಹಿಟ್‌ಮ್ಯಾನ್‌ನ ಮುಂಬೈಗೆ ಬನ್ನಿ. ಹೆಡ್‌ಫೋನ್ ಹಾಕ್ಕೊಳ್ಳಿ, ಗೋಡೆ ಆಚೆ ಇರೋರನ್ನ ತೋರಿಸೋ ಇನ್‌ಸ್ಟಿಂಕ್ಟ್ ಬಟನ್ ಮುಟ್ಬೇಡಿ, ಯಾರನ್ನೂ ಕೊಲ್ಲೋಕೆ ಹೋಗದೆ ಮೊದಲ ಅರ್ಧ ಗಂಟೆ ಸುಮ್ನೆ ಓಣಿ ಓಣಿ ಸುತ್ತಿ ಯಾರು ಏನ್ ಮಾತಾಡ್ತಿದಾರೆ ಅಂತ ಕೇಳ್ಕೊಂಡು ಬನ್ನಿ. ಆಮೇಲೆ ಯಾರ ಕಣ್ಣಿಗಾದ್ರೂ ಬಿದ್ರೆ ಲೋಡ್ ಮಾಡ್ಬೇಡಿ, ಓಡಿ.