ಕುಡಿತ ನಿಲ್ಲಿಸಿದ ಮೊದಲ ನಾಲ್ಕು ದಿನಗಳು

ಎಷ್ಟು ಕುಡಿದರೆ ಅದು ಚಟ ಎಂದು ಮನೆಯವರು ಕೇಳುವುದುಂಟು. ಪ್ರಮಾಣವನ್ನು ವಿಚಾರಿಸುತ್ತೇನಾದರೂ ನಾನು ಹೆಚ್ಚು ಗಮನ ಕೊಡುವುದು ಬೆಳಗಿನ ಹೊತ್ತಿಗೆ. ಎದ್ದ ಕೂಡಲೇ ಬೆವರಿ, ಹೊಟ್ಟೆ ತೊಳಸಿ, ಎರಡೂ ಕೈಯಲ್ಲಿ ಹಿಡಿದ ನೀರಿನ ಲೋಟವೂ ತುಳುಕುವಷ್ಟು ನಡುಗುವವರು ನಾಲ್ಕು ಗುಟುಕು ಮದ್ಯ ಇಳಿದ ಮೇಲೆ ಸ್ಥಿಮಿತಕ್ಕೆ ಬರುತ್ತಾರೆಂದರೆ, ಅವರ ನರಮಂಡಲ ಮದ್ಯಕ್ಕೆ ಒಗ್ಗಿಹೋಗಿದೆ ಎಂದೇ ಅರ್ಥ. 1984ರಲ್ಲಿ ಜಾನ್ ಈವಿಂಗ್ ಪ್ರಕಟಿಸಿದ, ಕುಡಿತದ ಚಟವನ್ನು ಗುರುತಿಸಲು ವೈದ್ಯರು ಇಂದಿಗೂ ಬಳಸುವ ‘ಕೇಜ್’ ಪ್ರಶ್ನಾವಳಿಯ ನಾಲ್ಕನೆಯ ಪ್ರಶ್ನೆ ಈ ಬೆಳಗಿನ ಕುಡಿತದ ಕುರಿತೇ ಇದೆ.

ಇಂಥವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೊರಡುವುದು ಪ್ರಾಣಾಪಾಯದ ಕೆಲಸ. ಮದ್ಯವು ಮೆದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಅದನ್ನು ಎದುರಿಸಲು ತನ್ನ ಉದ್ರೇಕವನ್ನು ಏರಿಸಿಕೊಂಡಿರುವ ಮೆದುಳು, ಮದ್ಯ ಹಠಾತ್ತನೆ ನಿಂತಾಗ ಅಂಕೆ ತಪ್ಪುತ್ತದೆ. ಸುಮಾರು 6 ಗಂಟೆಗಳಲ್ಲಿ ನಡುಕ, ಚಡಪಡಿಕೆ ಶುರುವಾಗುತ್ತವೆ. ಮೊದಲ 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಲ್ಲಿ ಡೆಲಿರಿಯಂ ಟ್ರೆಮೆನ್ಸ್ ಎಂಬ ಸನ್ನಿ ಕಾಣಿಸಿಕೊಳ್ಳುತ್ತದೆ. ಆಗ ರೋಗಿ ಹಾಸಿಗೆಯ ಮೇಲೆ ಇಲ್ಲದ ಹುಳುಗಳನ್ನು ಆರಿಸುತ್ತಾ, ಮನೆಮಂದಿಯ ಗುರುತೇ ಹತ್ತದೆ ಕೂಗಾಡುವುದನ್ನು ಹುಚ್ಚು ಎಂದೋ ಹಠ ಎಂದೋ ಭಾವಿಸಿ ಕಾಯುತ್ತಾ ಕೂರುವವರನ್ನು ಕಂಡಾಗ ನನಗೆ ತುಂಬ ಸಂಕಟವಾಗುತ್ತದೆ. ಏಕೆಂದರೆ ಚಿಕಿತ್ಸೆ ಸಿಗದಿದ್ದರೆ ಇದು ಸಾವಿಗೆ ಕಾರಣವಾಗಬಹುದು, ಸಿಕ್ಕರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಮೆದುಳಿನ ಉದ್ರೇಕ ತಗ್ಗಿಸುವ ಡಯಾಜೆಪಾಮ್‌ನಂಥ ಔಷಧಿಯನ್ನು ವೈದ್ಯರ ನಿಗಾದಲ್ಲಿ ಕೊಟ್ಟು ದಿನದಿಂದ ದಿನಕ್ಕೆ ಇಳಿಸುವುದು, ಮೆದುಳಿಗೆ ಶಾಶ್ವತ ಹಾನಿಯಾಗದಂತೆ ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡುವುದು, ಇವೇ ಆ ಚಿಕಿತ್ಸೆಯ ತಿರುಳು.

ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಊಟದಲ್ಲಿ ಗುಟ್ಟಾಗಿ ಬೆರೆಸುವುದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಅದು ಯಕೃತ್ತಿನಲ್ಲಿ ಮದ್ಯದ ವಿಘಟನೆಯನ್ನು ಅರ್ಧದಲ್ಲೇ ತಡೆಯುವುದರಿಂದ, ಗೊತ್ತಿಲ್ಲದೆ ಕುಡಿದವರ ರಕ್ತದೊತ್ತಡ ಕುಸಿದು ಹೃದಯದ ಲಯವೇ ಕೆಡಬಹುದು. ರೋಗಿಯ ಒಪ್ಪಿಗೆಯಿಂದ ಕೊಟ್ಟಾಗ ಮಾತ್ರ ಅದು ಔಷಧ. ಕುಡಿಯುವ ಹಂಬಲ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಕೂಡ ಇವೆ. ಜೊತೆಗೆ ಆಪ್ತಸಮಾಲೋಚನೆಯೂ ಬೇಕು.

ಮಾತನಾಡುವುದಿದ್ದರೆ ಅಮಲು ಇಳಿದಿರುವಾಗ, ಬೈಗುಳವಿಲ್ಲದೆ ಮಾತನಾಡಿ. ಅವರು ಬಿಡಲು ಒಪ್ಪಿದರೆ, ಕುಡಿತ ನಿಲ್ಲಿಸುವ ಮೊದಲೇ ವೈದ್ಯರನ್ನು ಕಾಣಿ. ಕೊನೆಯ ಬಾರಿ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ನಿದ್ದೆಮಾತ್ರೆಯ ಅಭ್ಯಾಸವಿದೆಯೇ ಎಂಬುದನ್ನು ಮುಚ್ಚಿಡದೆ ತಿಳಿಸಿ. ಮನೆಯಲ್ಲೇ ಬಿಡಿಸಬಹುದೇ, ದಾಖಲು ಮಾಡಬೇಕೇ ಎಂಬುದನ್ನು ವೈದ್ಯರು ಬಹುಮಟ್ಟಿಗೆ ಈ ಉತ್ತರಗಳನ್ನು ನೋಡಿ ನಿರ್ಧರಿಸುತ್ತಾರೆ.