ಬಳ್ಳಾರಿ ಜಾಲಿ ಮತ್ತು ಉಗುರಿನಷ್ಟು ಸಂದು

"ಏನ್ರೀ ಸರ, ಕಟ್ಟಿಗಿ ಕೊಯ್ಯಾಕತ್ತೀರೋ, ಹಿಟ್ಟು ಬೀಸಾಕತ್ತೀರೋ?"

ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು ಹೀಗೆ ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಕುಷ್ಟಗಿ ಕಡೆ ನಮ್ಮದೊಂದು ಸಣ್ಣ ಹೊಲವಿದೆ. ಬದುವಿನ ತುಂಬ ಬಳ್ಳಾರಿ ಜಾಲಿ. ಅದನ್ನು ತೆಗೆಯಬೇಕೆಂದು ಮರ ಕೊಯ್ಯುವ ಮಷಿನ್, ಅಂದರೆ ಚೈನ್‌ಸಾ ತಂದಿದ್ದೆ. 58 ಸಿಸಿ ಎಂಜಿನ್, ಹಲ್ಲಿನ ಚೈನು ಸುತ್ತಿ ಓಡುವ 22 ಇಂಚಿನ ಬಾರ್. "ದೊಡ್ಡದೇ ಒಯ್ರಿ, ಮತ್ತ ಚಿಂತಿ ಇಲ್ಲ" ಅಂತ ಅಂಗಡಿಯವರು ಹೇಳಿದ್ದರು. ಮೊದಲ ಅರ್ಧ ಗಂಟೆ ಸೌತೆಕಾಯಿ ಕೊಯ್ದ ಹಾಗೆ ಕೊಯ್ದಿತು. ಆಮೇಲೆ ಬರೀ ಸದ್ದು, ಹೊಗೆ. ಬಾರಿನ ಕೆಳಗೆ ಮೆತ್ತನೆಯ ಕಂದು ಪುಡಿ.

ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಸಾಕು, ಮಷಿನಿನ ಆರೋಗ್ಯ ಗೊತ್ತಾಗುತ್ತದೆ. ಚೈನು ಚೂಪಾಗಿದ್ದರೆ ಚಕ್ಕೆ ಬೀಳುತ್ತದೆ, ಅವಲಕ್ಕಿಯಂಥ ಚಕ್ಕೆ. ಮೊಂಡಾಗಿದ್ದರೆ ಹಿಟ್ಟು. ಅಂದರೆ ಹಲ್ಲು ಕಟ್ಟಿಗೆಯನ್ನು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಅದರ ಜೋರೆಲ್ಲ ಉಜ್ಜಾಟದ ಬಿಸಿಯಾಗಿ ಹೋಗುತ್ತದೆ.

ಚೈನಿನ ಒಂದು ಹಲ್ಲನ್ನು ಹತ್ತಿರದಿಂದ ನೋಡಿ. ಹಿಂದೆ ಬಾಚಿಯಂತೆ ಬಾಗಿದ ಅಲಗು, ಮುಂದೆ ಒಂದು ಪುಟ್ಟ ಗೂಟ. ಗೂಟದ ನೆತ್ತಿ ಅಲಗಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರುತ್ತದೆ. ಹೆಚ್ಚೂ ಕಡಿಮೆ ನಮ್ಮ ಉಗುರಿನ ದಪ್ಪ. ಒಂದು ಹಲ್ಲು ಒಂದು ಸಲಕ್ಕೆ ಎಷ್ಟು ಕಚ್ಚಬೇಕು ಅನ್ನುವುದನ್ನು ತೀರ್ಮಾನಿಸುವುದು ಈ ಸಂದು. ಅದು ಕಡಿಮೆಯಾದರೆ ಹಲ್ಲು ಜಾರುತ್ತದೆ, ಜಾಸ್ತಿಯಾದರೆ ಕಚ್ಚಿ ಹಿಡಿದು ಮಷಿನನ್ನೇ ಎಳೆದಾಡುತ್ತದೆ. 14 ಇಂಚಿನ ಬಾರಿಗೆ ಸಾಮಾನ್ಯವಾಗಿ 26 ಹಲ್ಲುಗಳ, ಸುಮಾರು ಒಂದು ಮೀಟರ್ ಉದ್ದದ ಚೈನು ಬರುತ್ತದೆ. ಅದು ಸೆಕೆಂಡಿಗೆ 20 ಮೀಟರ್ ಓಡಿದರೆ ಐನೂರಕ್ಕೂ ಹೆಚ್ಚು ಕಡಿತ. ಒಂದೊಂದೂ ಉಗುರಿನಷ್ಟೇ!

ಈ ಹಲ್ಲಿನ ಹಿಂದೆ ಒಂದು ಹುಳು ಇದೆ. ಹಳೆಯ ಚೈನುಗಳ ಹಲ್ಲು ಕೈಗರಗಸದ ಹಲ್ಲಿನಂತೆಯೇ ಇತ್ತು. ಕಟ್ಟಿಗೆಯನ್ನು ಗೀರುತ್ತಿತ್ತು, ಪದೇ ಪದೇ ಮಸೆಯಬೇಕಿತ್ತು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಬ್ಯೂಫರ್ಡ್ ಕಾಕ್ಸ್ ಅನ್ನುವವರು ಮರದ ಬುಡವೊಂದನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ನೋಡುತ್ತ ಕೂತರು. ಅದಕ್ಕೆ ಕಟ್ಟಿಗೆಯ ಎಳೆಗಳ ಉದ್ದಕ್ಕೆ ಕೊರೆದರೂ ಒಂದೇ, ಅಡ್ಡಕ್ಕೆ ಕೊರೆದರೂ ಒಂದೇ. ಬಾಗಿದ ಎರಡು ದವಡೆಗಳಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಚ್ಚುತ್ತ ಹೋಗುತ್ತಿತ್ತು. ಕಾಕ್ಸ್ ಆ ದವಡೆಯನ್ನು ಉಕ್ಕಿನಲ್ಲಿ ಮಾಡಿದರು. ಇವತ್ತಿನ ಚೈನಿನಲ್ಲೂ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ.

ಇನ್ನು ನಮ್ಮ ಎದುರಾಳಿ. ಬಳ್ಳಾರಿ ಜಾಲಿ ಹೆಸರಿಗಷ್ಟೇ ಬಳ್ಳಾರಿಯದು, ಹುಟ್ಟೂರು ಅಮೆರಿಕ ಖಂಡ. ಹತ್ತೊಂಬತ್ತನೇ ಶತಮಾನದಲ್ಲಿ ಉರುವಲಿಗೆಂದು ತಂದರು, ಈಗ ಬೇಡವೆಂದರೂ ಬಿಡುವುದಿಲ್ಲ. ಕಟ್ಟಿಗೆ ಗಟ್ಟಿ, ಒಣಗಿದರೆ ಘನ ಮೀಟರಿಗೆ ಸುಮಾರು 800 ಕೆಜಿ. ಆದರೆ ಬದುವಿನ ಮೇಲಿನ ಕಾಂಡಗಳಲ್ಲಿ ಹೆಚ್ಚಿನವು ತೊಡೆಗಿಂತ ದಪ್ಪವಿರುವುದಿಲ್ಲ. ಇದಕ್ಕೆ 22 ಇಂಚಿನ ಬಾರ್ ಯಾಕೆ? ಹೊತ್ತು ತಿರುಗಲು ಭಾರ, ಮಸೆಯಲು ಹೆಚ್ಚು ಹಲ್ಲು. ಅದೂ ಅಲ್ಲದೆ ಮುಳ್ಳಿನ ಪೊದೆಯೊಳಗೆ ಉದ್ದನೆಯ ಬಾರಿನ ತುದಿ ಎಲ್ಲಿ ಹೋಗಿ ತಾಗುತ್ತದೆ ಅನ್ನುವುದೇ ಕಾಣುವುದಿಲ್ಲ. ಹೊಲ, ತೋಟದ ಸಣ್ಣ ಕೆಲಸಕ್ಕೆ 12ರಿಂದ 16 ಇಂಚಿನ ಬಾರ್, 35 ಸಿಸಿ ಆಸುಪಾಸಿನ ಎಂಜಿನ್ ಧಾರಾಳ ಸಾಕು. ಇದು ನನಗೆ ದುಡ್ಡು ಕೊಟ್ಟ ಮೇಲೆ ತಿಳಿಯಿತು.

ನನ್ನ ಚೈನನ್ನು ಮೊಂಡು ಮಾಡಿದ್ದು ಮಾತ್ರ ಕಟ್ಟಿಗೆಯಲ್ಲ, ಮಣ್ಣು. ಗಾಳಿಗೆ ಹಾರಿದ ಮರಳು, ಧೂಳು ಬುಡದ ತೊಗಟೆಯ ಬಿರುಕಿನಲ್ಲಿ ಕೂತಿರುತ್ತದೆ. ಮರಳಿನ ಕಣ ಉಕ್ಕಿನ ಅಲಗಿಗಿಂತ ಗಟ್ಟಿ. ಓಡುವ ಚೈನು ಒಮ್ಮೆ ನೆಲಕ್ಕೆ ತಾಗಿದರೂ ಕೆಲಸ ಕೆಟ್ಟಿತು. ಅದಕ್ಕೇ ಈಗ ಬುಡವನ್ನು ಮೊದಲು ಗಟ್ಟಿ ಕಸಬರಿಗೆಯಿಂದ ಉಜ್ಜುತ್ತೇನೆ. ಮಷಿನಿನ ಜೊತೆಗೇ ಚೈನಿನ ಅಳತೆಗೆ ಹೊಂದುವ ದುಂಡನೆಯ ಅರವೊಂದನ್ನು ತೆಗೆದುಕೊಳ್ಳಿ. ಪ್ರತಿ ಹಲ್ಲಿಗೂ ಒಂದೇ ಓರೆಯಲ್ಲಿ ಎರಡು ಮೂರು ಸಲ, ಮುಂದಕ್ಕೆ ಮಾತ್ರ ತಳ್ಳಿ. ಹತ್ತು ನಿಮಿಷದ ಕೆಲಸ. ಏರ್ ಫಿಲ್ಟರನ್ನೂ ದಿನಾ ಬಿಚ್ಚಿ ನೋಡಿ. ನಮ್ಮ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಪೆಟ್ರೋಲೋ, ಬ್ಯಾಟರಿಯೋ, ಕರೆಂಟೋ? ಮನೆ ಸುತ್ತಲಿನ ಕೊಂಬೆಗೆ ಕರೆಂಟಿನದು ಒಳ್ಳೆಯದೇ. ಜರ್ಮನಿಯ ಗರಗಸ ತಯಾರಕ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮಾಡಿದ ಮೊದಲ ಗರಗಸವೂ ಕರೆಂಟಿನದ್ದೇ. ತೊಂದರೆ ಇರುವುದು ವೈರಿನಲ್ಲಿ. 2000 ವ್ಯಾಟ್ ಮಷಿನ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಒಂದು ಚದರ ಮಿಲಿಮೀಟರಿನ ತೆಳು ತಾಮ್ರದ ವೈರನ್ನು 50 ಮೀಟರ್ ಎಳೆದರೆ, ಹೋಗಿ ಬರುವ ದಾರಿ ಸೇರಿ 15 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ. ಸಂಜೆ ಹೊತ್ತು ಮೊದಲೇ ಲೋ ವೋಲ್ಟೇಜ್ ಇರುವ ಊರುಗಳಲ್ಲಿ ಮೋಟಾರು ನರಳುತ್ತದೆ. ಎರಡೂವರೆ ಚದರ ಮಿಲಿಮೀಟರಿನ ವೈರಾದರೆ ನಷ್ಟ 6 ವೋಲ್ಟ್ ಅಷ್ಟೇ. ವೈರಿನ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ, ಇಲ್ಲದಿದ್ದರೆ ಬಿಸಿ ಹೋಗಲು ದಾರಿ ಇರುವುದಿಲ್ಲ.

36 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 144 ವ್ಯಾಟ್-ಅವರ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9000. ಎಂಜಿನ್ ಅದರಲ್ಲಿ ಐದನೇ ಒಂದು ಪಾಲನ್ನಷ್ಟೇ ಕೆಲಸಕ್ಕೆ ಹಚ್ಚಿದರೂ ಹತ್ತಕ್ಕೂ ಹೆಚ್ಚು ಬ್ಯಾಟರಿಗೆ ಸಮ. ಹೀಗಾಗಿ ಬದು ಪೂರ್ತಿ ತೆಗೆಯುವವರಿಗೆ ಪೆಟ್ರೋಲೇ ಸರಿ, ತಿಂಗಳಿಗೊಮ್ಮೆ ನಾಲ್ಕು ಕೊಂಬೆ ಕೊಯ್ಯುವವರಿಗೆ ಬ್ಯಾಟರಿ. ಬೇಸಿಗೆಯಲ್ಲಿ ಬ್ಯಾಟರಿಯನ್ನು ತಗಡಿನ ಶೆಡ್ಡಿನಲ್ಲಿ ಮಾತ್ರ ಇಡಬೇಡಿ. ಪೆಟ್ರೋಲಿನದಾದರೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಲೇಬೇಕು. ಕಂಪನಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ. ಎಂಜಿನ್ನಿನ ಒಳಗೆ ಬೇರೆ ಎಣ್ಣೆಯೇ ಇರುವುದಿಲ್ಲ, ಮರೆತರೆ ಪಿಸ್ಟನ್ ಜಾಮ್. ಚೈನಿಗೆ ಹಾಕುವ ಎಣ್ಣೆ ಬೇರೆ, ಅದರ ಟ್ಯಾಂಕೂ ಬೇರೆ.

ಅಂಗಡಿಯಲ್ಲಿ ನಾನು ಕೇಳದೇ ಬಿಟ್ಟಿದ್ದು ಚೈನ್ ಬ್ರೇಕ್ ಬಗ್ಗೆ. ಬಾರಿನ ತುದಿಯ ಮೇಲ್ಭಾಗದಲ್ಲಿ ಚೈನು ತಿರುವಿಗೆ ಬರುತ್ತದೆ. ಅಲ್ಲಿ ಹಲ್ಲು ಕಟ್ಟಿಗೆಗೆ ಸಿಕ್ಕರೆ ಕೊಯ್ಯುವ ಬದಲು ತಡೆದು ನಿಲ್ಲುತ್ತದೆ. ಚೈನಿಗೆ ಮುಂದೆ ಹೋಗಲಾಗದು, ಹಾಗಾಗಿ ಬಾರು ಮೇಲಕ್ಕೆ, ಹಿಂದಕ್ಕೆ, ಅಂದರೆ ನೇರ ನಮ್ಮ ಮುಖದ ಕಡೆಗೆ ಚಿಮ್ಮುತ್ತದೆ. ಕೈ ಎಳೆದುಕೊಳ್ಳುವಷ್ಟು ಹೊತ್ತೂ ಸಿಗುವುದಿಲ್ಲ. ಮುಂದಿನ ಹಿಡಿಯ ಎದುರಿನ ಗಾರ್ಡ್ ಮುಂದಕ್ಕೆ ಬಾಗಿದರೆ ಚೈನು ತಟ್ಟನೆ ನಿಲ್ಲಬೇಕು, ಅದೇ ಚೈನ್ ಬ್ರೇಕ್. ಕೊಳ್ಳುವಾಗ ಮಷಿನ್ ಚಾಲು ಮಾಡಿಸಿ, ಇದನ್ನು ಕಣ್ಣಾರೆ ನೋಡಿ. ಒಂದೇ ಕೈಯಲ್ಲಿ ಹಿಡಿದು ಕೊಯ್ಯುವುದು, ಭುಜಕ್ಕಿಂತ ಮೇಲೆ ಎತ್ತುವುದು ಬೇಡವೇ ಬೇಡ. ಲುಂಗಿ, ಹೆಗಲ ಮೇಲಿನ ಟವೆಲ್ ಮನೆಯಲ್ಲಿರಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು ಬೇಕು.

ಬಾಗಿದ ಕೊಂಬೆಯದು ಇನ್ನೊಂದು ಪೇಚು. ಜೋಳದ ದಂಟು ಬಗ್ಗಿಸಿದರೆ ಹೊರಮೈ ಹಿಗ್ಗುತ್ತದೆ, ಒಳಮೈ ಒತ್ತಿಕೊಳ್ಳುತ್ತದೆ, ಅಲ್ವಾ? ಕೊಂಬೆಯೂ ಹಾಗೆಯೇ. ಒತ್ತಿಕೊಂಡ ಕಡೆಯಿಂದಲೇ ಪೂರ್ತಿ ಕೊಯ್ಯಲು ಹೋದರೆ ಸಂದು ಮುಚ್ಚಿ ಬಾರು ಸಿಕ್ಕಿಬೀಳುತ್ತದೆ. ಅಲ್ಲಿ ಸ್ವಲ್ಪ ಗಾಯ ಮಾಡಿ, ಆಮೇಲೆ ಹಿಗ್ಗಿದ ಕಡೆಯಿಂದ ಮುಗಿಸಬೇಕು.

ಬೇವಿಗೋ ಬೇರೆ ಮರಕ್ಕೋ ಕೈ ಹಾಕುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕರ್ನಾಟಕದಲ್ಲಿ ಮರ ಸಂರಕ್ಷಣೆಗೆ 1976ರ ಕಾಯ್ದೆ ಇದೆ.

ಚೈನು ಮಸೆದುಕೊಂಡು ಮರುವಾರ ಬದು ಮುಗಿಸಿದೆ. ಅವಲಕ್ಕಿಯಂಥ ಚಕ್ಕೆ ಬಿದ್ದದ್ದು ನೋಡಿ ಕಾಕಾ ತಲೆಯಾಡಿಸಿದರು. ಒಂದೆರಡು ಮಳೆ ಬಿದ್ದದ್ದೇ ತಡ, ಕೊಯ್ದ ಒಂದೊಂದು ಬುಡದ ಸುತ್ತಲೂ ಎಳೆ ಚಿಗುರು ಎದ್ದು ನಿಂತಿತು. ಜಾಲಿಯ ಮೊಗ್ಗು ನೆಲದೊಳಗಿನ ಬುಡದಲ್ಲೂ ಇರುತ್ತದೆ. ಅದನ್ನು ಅಗೆದೇ ತೆಗೆಯಬೇಕು, ಮಣ್ಣಿಗೆ ಚೈನು ಹಾಕುವ ಹಾಗಿಲ್ಲ. ಆಡು ಬಿಟ್ಟು ಮೇಯಿಸೋಣವೆಂದರೆ ಅವು ಕಾಯಿಯನ್ನಷ್ಟೇ ತಿನ್ನುತ್ತವೆ, ಎಲೆ ಮೂಸಿ ನೋಡಿ ಮುಂದೆ ಹೋಗುತ್ತವೆ. ತಿಂದ ಕಾಯಿಯ ಬೀಜ ಹಿಕ್ಕೆಯಲ್ಲಿ ಬಿದ್ದು ಮತ್ತೆ ಮೊಳೆಯುತ್ತದೆ. ಕಾಕಾ ಈ ಸಲ ಏನೂ ಕೇಳಲಿಲ್ಲ. ಮನೆಯಿಂದ ಗುದ್ದಲಿ ತಂದು ಕೊಟ್ಟು ಹೋದರು.