ಕೊಳವೆಗೆ ಎಪಾಕ್ಸಿ ಬಳಿಸುವ ಮುನ್ನ

ಕೊಳವೆಯ ಒಳಮೈಗೆ ಎಪಾಕ್ಸಿ (ಗಟ್ಟಿಯಾಗಿ ನಯವಾದ ಪದರವಾಗುವ ರಾಳದ ಲೇಪನ) ಬಳಿಸಿದರೆ ವಿದ್ಯುತ್ ಬಿಲ್ ಎಷ್ಟು ಇಳಿಯುತ್ತದೆ? ಪಂಪ್‌ಹೌಸ್‌ಗಳಲ್ಲಿ ನನಗೆ ಎದುರಾಗುವ ಮೊದಲ ಪ್ರಶ್ನೆ ಇದು. ನೀರು ಎಷ್ಟು ಎತ್ತರಕ್ಕೆ ಏರಬೇಕು, ಎಷ್ಟು ದೂರ ಸಾಗಬೇಕು ಎಂಬುದು ತಿಳಿಯದೆ ನಾನು ಉತ್ತರ ಹೇಳುವುದಿಲ್ಲ.

ನೀರನ್ನು ಮೇಲೆತ್ತುವ ಕೆಲಸವನ್ನು ಯಾವ ಲೇಪನವೂ ಹಗುರ ಮಾಡದು. ಉಳಿತಾಯವೇನಿದ್ದರೂ ಘರ್ಷಣೆಯ ಪಾಲಿನಲ್ಲಿ. ಘರ್ಷಣೆಯ ನಷ್ಟ ಲೆಕ್ಕ ಹಾಕುವ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ಒಳಮೈಯ ನಯವನ್ನು ‘ಸಿ’ ಗುಣಾಂಕ ಸೂಚಿಸುತ್ತದೆ. ತುಕ್ಕಿನ ಗಂಟು ಕಟ್ಟಿದ ಹಳೆಯ ಉಕ್ಕಿನ ಕೊಳವೆಗೆ 100, ಎಪಾಕ್ಸಿ ಬಳಿದದ್ದಕ್ಕೆ 140 ಎಂದು ಹಿಡಿದರೆ, ಅದೇ ಹರಿವಿಗೆ ಘರ್ಷಣೆಯ ನಷ್ಟ ಸುಮಾರು ಶೇ 46ರಷ್ಟು ಕುಗ್ಗುತ್ತದೆ. ಈ ನಷ್ಟವನ್ನೂ ಏರಿನ ಹಾಗೆ ಮೀಟರಿನಲ್ಲೇ ಲೆಕ್ಕ ಹಾಕುತ್ತೇವೆ. ಆದರೆ 60 ಮೀಟರ್ ಏರು, 20 ಮೀಟರ್ ಘರ್ಷಣೆ ಇರುವ ಮಾರ್ಗದಲ್ಲಿ ಪಂಪು ಎದುರಿಸುವ ಒಟ್ಟು 80 ಮೀಟರ್ 71ಕ್ಕೆ ಬರುತ್ತದೆ, ಅಷ್ಟೆ. ಅದೇ 10 ಮೀಟರ್ ಏರು, 40 ಮೀಟರ್ ಘರ್ಷಣೆಯಾದರೆ 50 ಇದ್ದದ್ದು 31ರ ಆಸುಪಾಸಿಗೆ ಇಳಿಯುತ್ತದೆ. ಸಮತಟ್ಟಾದ ಉದ್ದನೆಯ ಮಾರ್ಗಗಳಿಗೇ ನಾನು ಮೊದಲ ಆದ್ಯತೆ ಕೊಡುವುದು ಇದಕ್ಕಾಗಿ.

ಇನ್ನೊಂದು ಮಾತು ಬಹಳ ಮಂದಿಯನ್ನು ಗಾಬರಿಗೊಳಿಸುತ್ತದೆ. ಲೇಪನ ಮುಗಿಸಿ ಪಂಪು ಚಾಲೂ ಮಾಡಿದರೆ ಮೋಟರು ಎಳೆಯುವ ವಿದ್ಯುತ್ತನ್ನು ತೋರಿಸುವ ಆಮೀಟರಿನ ಮುಳ್ಳು ಇಳಿಯುವ ಬದಲು ಏರಬಹುದು! ತಡೆ ಕಡಿಮೆಯಾದಾಗ ಚಕ್ರ ತಿರುಗಿಸಿ ನೀರು ಚಿಮ್ಮಿಸುವ ಸೆಂಟ್ರಿಫ್ಯೂಗಲ್ ಪಂಪು ಹೆಚ್ಚು ನೀರನ್ನು ತಳ್ಳುತ್ತದೆ, ಮೋಟರಿನ ಮೇಲೆ ಹೊರೆ ಹೆಚ್ಚುತ್ತದೆ. ಉಳಿತಾಯ ಕೈಗೆ ಸಿಗಬೇಕಾದರೆ ಪಂಪು ಓಡುವ ಗಂಟೆಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ಆ ಚಕ್ರದ, ಅಂದರೆ ಇಂಪೆಲ್ಲರಿನ ವ್ಯಾಸ ತಗ್ಗಿಸಬೇಕು, ಅಥವಾ ಮೋಟರಿನ ವೇಗ ನಿಯಂತ್ರಿಸುವ ಡ್ರೈವ್ ಹಾಕಿ ವೇಗ ಇಳಿಸಬೇಕು. ಸಾವಿರ ಲೀಟರ್ ನೀರಿಗೆ ಎಷ್ಟು ಯೂನಿಟ್ ಎಂಬುದನ್ನು ಬಳಿಯುವ ಮೊದಲೂ ಆಮೇಲೂ ಅಳೆಯಿರಿ. ಅದಿಲ್ಲದೆ ಲಾಭ ನಷ್ಟದ ಮಾತೇ ಬೇಡ.

ನೀರನ್ನು ಹತ್ತಿರ ಸುಳಿಯಗೊಡದ ಲೇಪನಗಳ ಬಗ್ಗೆಯೂ ಕೇಳುತ್ತಾರೆ. ಅವು ಹಿಡಿದಿಟ್ಟ ಗಾಳಿಯ ಪದರ ಒತ್ತಡಕ್ಕೆ ಸಿಕ್ಕಿ ನೀರಿನಲ್ಲಿ ಕರಗಿಹೋಗುತ್ತದೆ. ಪಂಪಿನ ಮಾರ್ಗಕ್ಕೆ ನಾನು ಅವನ್ನು ಒಪ್ಪುವುದಿಲ್ಲ.

ಲೇಪನದ ಆಯಸ್ಸು ತೀರ್ಮಾನವಾಗುವುದು ಡಬ್ಬಿ ತೆರೆಯುವುದಕ್ಕೆ ಮೊದಲೇ. ಬ್ಲಾಸ್ಟಿಂಗ್ ಮಾಡಿ (ಒರಟು ಕಣಗಳನ್ನು ರಭಸದಿಂದ ಚಿಮ್ಮಿಸಿ) ಉಕ್ಕು ಬೆಳ್ಳಗಾಗುವವರೆಗೆ ತುಕ್ಕು ತೆಗೆಯಬೇಕು. ಲೋಹದ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶಕ್ಕಿಂತ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಮಳೆಗಾಲದ ಮುಂಜಾವಿನಲ್ಲಿ ಕಣ್ಣಿಗೆ ಕಾಣದ ತೇವದ ಮೇಲೆ ಬಳಿದ ಎಪಾಕ್ಸಿ ಹಾಳೆಯಂತೆ ಸುಲಿದು ಬರುತ್ತದೆ. ಒಣಗಿದ ಮೇಲೆ ಒದ್ದೆ ಸ್ಪಂಜಿನ ಉಪಕರಣವನ್ನು ಮೇಲ್ಮೈಯುದ್ದಕ್ಕೂ ಆಡಿಸಿದರೆ ಸೂಜಿಮೊನೆಯಷ್ಟು ರಂಧ್ರವಿದ್ದಲ್ಲೂ ಅದು ಸದ್ದು ಮಾಡುತ್ತದೆ. ಬೆಸುಗೆಯ ಅಂಚುಗಳಲ್ಲಿ ಎರಡೆರಡು ಸಲ ಆಡಿಸಿ. ಕುಡಿಯುವ ನೀರಿನ ಕೊಳವೆಯಾದರೆ ಅದಕ್ಕೆಂದೇ ಪ್ರಮಾಣಪತ್ರ ಪಡೆದ ಎಪಾಕ್ಸಿಯನ್ನೇ ಬಳಸಿ, ಅದು ಪೂರ್ತಿ ಗಟ್ಟಿಯಾಗುವವರೆಗೆ ನೀರು ಬಿಡಬೇಡಿ.